ಬೇರಿಂಗಿಗೆ ಗ್ರೀಸು, ಮನುಷ್ಯರಿಗೆ ಮೌನ!

ನಾನು ಬಿಇ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ. ನಮ್ಮ ಲ್ಯಾಬಿನಲ್ಲಿ ರೆಡ್‌ವುಡ್ ವಿಸ್ಕೋಮೀಟರ್ ಎಂಬ ಹಳೆಯ ಉಪಕರಣವೊಂದಿದೆ. ಎಂಜಿನ್ ಆಯಿಲನ್ನು ಅದರಲ್ಲಿ ಸುರಿದು, ಬಿಸಿ ಮಾಡಿ, ತಳದ ಸಣ್ಣ ತೂತಿನಿಂದ 50 ಮಿಲಿಲೀಟರ್ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಸ್ಟಾಪ್‌ವಾಚ್ ಹಿಡಿದು ನೋಡಬೇಕು. ಆಮೇಲೆ ವೈವಾ. 'ಲೂಬ್ರಿಕೆಂಟ್ ಯಾಕಮ್ಮಾ ಬೇಕು?' ಎಂದು ಸರ್ ಕೇಳಿದರೆ ನಿದ್ದೆಯಲ್ಲಿ ಎಬ್ಬಿಸಿದರೂ ಉತ್ತರ ಹೇಳುತ್ತೇವೆ: ಒಂದಕ್ಕೊಂದು ಉಜ್ಜುವ ಎರಡು ಮೇಲ್ಮೈಗಳ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಘರ್ಷಣೆ ಇಳಿಸುತ್ತದೆ, ಸವೆತ ತಪ್ಪಿಸುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ.

ಆದರೆ ಆ ಪದ ಕ್ಲಾಸಿನಲ್ಲಿ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತದೆ. ಯಾಕೆ ಎಂದು ಎಲ್ಲರಿಗೂ ಗೊತ್ತು. ಸರ್ ಒಮ್ಮೆ ಕೆಮ್ಮಿ ಬೋರ್ಡಿನ ಕಡೆ ತಿರುಗುತ್ತಾರೆ. ಅರವತ್ತು ಜನರ ಕ್ಲಾಸಿನಲ್ಲಿ ನಾವು ಹುಡುಗಿಯರು ಏಳೇ ಜನ. ನಾವೂ ಪುಸ್ತಕದಲ್ಲಿ ಮುಖ ಹುದುಗಿಸಿ ನಕ್ಕಿದ್ದೇವೆ, ಸುಳ್ಳು ಹೇಳುವುದಿಲ್ಲ. ಕಳೆದ ದಸರಾ ರಜೆಯವರೆಗೆ ನನಗೂ ಅದು ನಗುವ ಪದವೇ ಆಗಿತ್ತು.

ದಸರಾಕ್ಕೆ ಊರಿಗೆ ಹೋದಾಗ ದೊಡ್ಡಮ್ಮನ ಮಗಳು ಅಕ್ಕನೂ ಬಂದಿದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಆಗ ಐದು ತಿಂಗಳಾಗಿತ್ತು. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಓದಿ ಹೇಳಿದಾಗ 'ಹೆಸರು ಬೇಡ, ಊರು ಬೇಡ, ಮಿಕ್ಕಿದ್ದೆಲ್ಲ ಬರಿ' ಎಂದಳು.) ರಾತ್ರಿ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದೆವು. 'ಇಲ್ಲಿಗೆ ಬಂದ್ರೆ ನಿದ್ದೆ ಬರುತ್ತೆ ಕಣೇ' ಎಂದಳು. ತವರಿನ ಪ್ರೀತಿ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅಳತೊಡಗಿದಳು.

ವಿಷಯ ಇಷ್ಟೇ. ಮೊದಲ ರಾತ್ರಿಯಿಂದ ಆ ದಿನದವರೆಗೂ ಗಂಡನ ಜೊತೆ ಸೇರುವುದೆಂದರೆ ಅವಳಿಗೆ ಉರಿ, ನೋವು. ಕತ್ತಲಾದರೆ ಭಯ. ದೊಡ್ಡಮ್ಮನ ಹತ್ತಿರ ಅರ್ಧಂಬರ್ಧ ಹೇಳಿದ್ದಳಂತೆ. 'ಎಲ್ರಿಗೂ ಹಂಗೇನೆ. ಒಂದು ಮಗು ಆದ್ರೆ ಸರಿಹೋಗುತ್ತೆ' ಎಂಬ ಉತ್ತರ ಸಿಕ್ಕಿತ್ತು. ಒಂದು ಕ್ಲಿನಿಕ್ಕಿಗೂ ಹೋಗಿದ್ದಳು. ಅಲ್ಲಿನ ವೈದ್ಯರು ಪರೀಕ್ಷೆಯನ್ನೂ ಮಾಡದೆ 'ಹೊಸದಾಗಿ ಮದುವೆ ಆದವರಿಗೆ ಇದೆಲ್ಲ ಮಾಮೂಲು' ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದರು. ಭಾವ ಕೆಟ್ಟವರಲ್ಲ. ಇವಳಿಗೆ ತಾನು ಇಷ್ಟವಿಲ್ಲ, ಬಲವಂತಕ್ಕೆ ಮದುವೆಯಾಗಿದ್ದಾಳೆ ಎಂದುಕೊಂಡು ಹಾಲಿನಲ್ಲಿ ಮಲಗಲು ಶುರು ಮಾಡಿದ್ದರು. ಅದು ಅತ್ತೆಯ ಕಣ್ಣಿಗೆ ಬಿದ್ದು, ಮಾತು ಎರಡೂ ಮನೆಗಳಿಗೆ ಹೋಗಿ, ದೀಪಾವಳಿ ಕಳೆದ ಮೇಲೆ ಹಿರಿಯರು ಕೂತು ಮಾತಾಡುವುದು ಎಂದು ನಿರ್ಧಾರವಾಗಿತ್ತು.

'ನನ್ನಲ್ಲೇ ಏನೋ ಕೊರತೆ ಇದೆ ಅನ್ಸುತ್ತೆ ಕಣೇ' ಎಂದಳು ಅಕ್ಕ. ಬೇರಿಂಗಿನಲ್ಲಿ ಎಣ್ಣೆಯ ಪದರ ಎಷ್ಟು ಮೈಕ್ರಾನ್ ದಪ್ಪ ಇರಬೇಕು ಎಂದು ಲೆಕ್ಕ ಹಾಕಬಲ್ಲ ನನಗೆ ಅವಳಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ.

ಆದರೂ ಒಂದು ಕೆಲಸ ಮಾಡಿದೆ. ರಜೆ ಮುಗಿಯುವ ಮುಂಚೆ ಅವಳನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋದೆ. ಅಲ್ಲಿದ್ದ ವೈದ್ಯೆ ಅವಳ ಮಾತನ್ನು ಪೂರ್ತಿ ಕೇಳಿದರು. ಪರೀಕ್ಷೆ ಮಾಡಿದರು. ಸೋಂಕು ಇಲ್ಲ, ಗಾಯ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ 'ದಿನಾ ಯಾವುದಾದ್ರೂ ಮಾತ್ರೆ ನುಂಗ್ತೀಯಾ?' ಎಂದರು. ಅಕ್ಕನಿಗೆ ಧೂಳಿನ ಅಲರ್ಜಿ. ಸೀನು, ನೆಗಡಿಗೆ ಎಂದು ಎರಡು ವರ್ಷದಿಂದ ಹೆಚ್ಚೂಕಡಿಮೆ ದಿನವೂ ಅಲರ್ಜಿ ಮಾತ್ರೆ ನುಂಗುತ್ತಿದ್ದಳು. 'ಮೂಗು ಒಣಗಿಸೋ ಮಾತ್ರೆ ಮೂಗು ಒಂದನ್ನೇ ಒಣಗಿಸುತ್ತೆ ಅಂದ್ಕೊಂಡ್ಯಾ?' ಎಂದು ನಕ್ಕರು ಅವರು. ಅದರ ಮೇಲೆ ಭಯ, ಅವಸರ. ಮೂರೂ ಸೇರಿದರೆ ಒಣಗದೆ ಇನ್ನೇನಾದೀತು ಎಂದರು. ಕೆಲವು ವಾರ ಅದರ ಯೋಚನೆಯನ್ನೇ ಬಿಟ್ಟು ಗಂಡ ಹೆಂಡತಿ ಕೂತು ಮಾತಾಡಿ, ಮುಂದಿನ ಸಲ ಇಬ್ಬರೂ ಬನ್ನಿ ಎಂದರು. ಅಲರ್ಜಿಯ ಮಾತ್ರೆಯ ಬಗ್ಗೆ ಅದನ್ನು ಬರೆದುಕೊಟ್ಟ ವೈದ್ಯರ ಹತ್ತಿರ ಮಾತಾಡಲು ಹೇಳಿ, ಚೀಟಿಯ ಮೇಲೆ 'ವಾಟರ್ ಬೇಸ್ಡ್ ಲೂಬ್ರಿಕೆಂಟ್ ಜೆಲ್' ಎಂದು ಬರೆದರು. ನಮ್ಮ ವೈವಾದ ಪದ!

ಅಂಗಡಿಯಲ್ಲಿ ನಡೆದದ್ದು

ಊರಿನಲ್ಲಿ ಎಲ್ಲರೂ ಪರಿಚಯದವರು. ಹಾಗಾಗಿ ಅಕ್ಕ ಚೀಟಿಯನ್ನು ನನ್ನ ಕೈಗಿಟ್ಟಳು. ಕಾಲೇಜಿರುವ ಊರಿಗೆ ಬಂದು ಒಂದು ಮೆಡಿಕಲ್ ಶಾಪಿಗೆ ಹೋದೆ. ಚೀಟಿ ನೋಡಿದ ಹುಡುಗ ನನ್ನ ಮುಖ ನೋಡಿದ, ಕತ್ತಿನ ಕಡೆ ನೋಡಿದ. ಕರಿಮಣಿ ಇರಲಿಲ್ಲ. ಒಳಗಿದ್ದ ಇನ್ನೊಬ್ಬನಿಗೆ ಜೋರಾಗಿ ಕೂಗಿ ಹೇಳಿದ. ಪಕ್ಕದಲ್ಲಿ ನಿಂತಿದ್ದ ಇಬ್ಬರು ತಿರುಗಿ ನೋಡಿದರು. ಅವನು ತಂದುಕೊಟ್ಟದ್ದು ಲಿಗ್ನೋಕೇನ್ ಜೆಲ್ಲಿ. ಅದು ಜಾರಿಸುವ ಜೆಲ್ಲಿ ಅಲ್ಲ, ಮರಗಟ್ಟಿಸುವ ಔಷಧ. ಟ್ಯೂಬಿನ ಮೇಲೆ ಬರೆದದ್ದನ್ನು ಓದುವ ಅಭ್ಯಾಸ ನನಗೆ ಇಲ್ಲದಿದ್ದರೆ ಅದನ್ನೇ ಅಕ್ಕನಿಗೆ ಕಳಿಸುತ್ತಿದ್ದೆ. ನೋವು ಗೊತ್ತಾಗುತ್ತಿರಲಿಲ್ಲ, ಒಳಗೆ ಗಾಯವಾದರೂ ಗೊತ್ತಾಗುತ್ತಿರಲಿಲ್ಲ. 'ಇದಲ್ಲ, ಚೀಟೀಲಿ ಬರೆದಿರೋದು ಕೊಡಿ' ಎಂದೆ. ಕೊಟ್ಟರು. ಮೊದಲು ಪೇಪರಿನಲ್ಲಿ ಸುತ್ತಿ, ಆಮೇಲೆ ಕಪ್ಪು ಕವರಿಗೆ ಹಾಕಿ.

ಅದೇ ಅಂಗಡಿಯ ಪಕ್ಕದ ಆಟೊಮೊಬೈಲ್ ಅಂಗಡಿಯಲ್ಲಿ ಎಂಜಿನ್ ಆಯಿಲಿನ ಡಬ್ಬಗಳನ್ನು ಫುಟ್‌ಪಾತಿನವರೆಗೆ ಜೋಡಿಸಿಟ್ಟಿದ್ದರು. ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇಗೆ ಯಾರೂ ಕಪ್ಪು ಕವರು ಕೊಡುವುದಿಲ್ಲ.

ದೇಹದ ಲೆಕ್ಕ

ಹಾಸ್ಟೆಲಿಗೆ ಬಂದ ಮೇಲೆ ಇಂಟರ್ನಲ್ಸಿಗೆ ಓದುವ ಹಾಗೆ ಇದನ್ನು ಓದಿದೆ. ಓದಿದ್ದನ್ನು ಗೆಳೆಯ ಗೆಳತಿಯರಿಗೆ ಹೇಳಲೇಬೇಕು ಅನ್ನಿಸಿತು.

ಹೆಣ್ಣಿನ ದೇಹ ತನಗೆ ಬೇಕಾದ ಜಾರುದ್ರವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನಸ್ಸು ಮತ್ತು ದೇಹ ಸಿದ್ಧವಾದಾಗ ಯೋನಿಯ ಸುತ್ತಲಿನ ರಕ್ತನಾಳಗಳಲ್ಲಿ ರಕ್ತ ಹೆಚ್ಚುತ್ತದೆ. ರಕ್ತದ ನೀರಿನಂಶ ಗೋಡೆಯ ಮೂಲಕ ಬೆವರಿನ ಹನಿಗಳಂತೆ ಒಸರುತ್ತದೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಇದನ್ನು ಪ್ರಯೋಗಾಲಯದಲ್ಲಿ ಗಮನಿಸಿ 1966ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಮಾಷೆ ಎಂದರೆ, ಘರ್ಷಣೆ ಮತ್ತು ಸವೆತದ ಅಧ್ಯಯನಕ್ಕೆ 'ಟ್ರೈಬಾಲಜಿ' ಎಂಬ ಹೆಸರು ಸಿಕ್ಕಿದ್ದೂ ಅದೇ 1966ರಲ್ಲಿ, ಇಂಗ್ಲೆಂಡಿನ ಜೋಸ್ಟ್ ವರದಿಯಿಂದ. ಎರಡನೆಯದು ನಮ್ಮ ಸಿಲಬಸ್ಸಿಗೆ ಬಂತು. ಮೊದಲನೆಯದು ಬರಲಿಲ್ಲ.

ಈ ದ್ರವ ಕಡಿಮೆಯಾಗಲು ಕಾರಣಗಳು ಹಲವು. ಸಮಯ ಕೊಡದಿರುವುದು ಮೊದಲನೆಯದು. ಭಯ, ಒತ್ತಡ, ದಣಿವು ಆಮೇಲೆ. ಕೆಲವು ಅಲರ್ಜಿ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು ಒಣಗಿಸಬಹುದು. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಇಳಿಯುವುದರಿಂದ ಹೀಗಾಗುತ್ತದೆ. ಅಂದರೆ 'ಒಂದು ಮಗು ಆದರೆ ಸರಿಹೋಗುತ್ತೆ' ಎನ್ನುವುದು ಲೆಕ್ಕಕ್ಕೆ ಉಲ್ಟಾ. ಮುಟ್ಟು ನಿಲ್ಲುವ ವಯಸ್ಸಿನ ನಮ್ಮ ಅಮ್ಮಂದಿರಿಗೂ ಇದೇ ತೊಂದರೆ ಇರಬಹುದು. ಅವರಂತೂ ಯಾರಿಗೂ ಹೇಳಿರುವುದಿಲ್ಲ. ಇವುಗಳಲ್ಲಿ ಒಂದಕ್ಕೂ 'ಪ್ರೀತಿ ಇಲ್ಲ' ಎಂಬ ಅರ್ಥ ಬರುವುದಿಲ್ಲ. ಬಾಯಿ ಒಣಗಿದವನಿಗೆ ಹಸಿವಿಲ್ಲ ಎಂದು ತೀರ್ಮಾನಿಸಿದ ಹಾಗಾಗುತ್ತದೆ ಅದು.

ಇನ್ನು ಜೆಲ್ಲುಗಳ ವಿಷಯ. ನೀರಿನ ಆಧಾರದ್ದು, ಸಿಲಿಕೋನಿನದು, ಎಣ್ಣೆಯದು ಎಂದು ಮುಖ್ಯವಾಗಿ ಮೂರು ಬಗೆ. ಮೊದಲ ಸಲ ಬಳಸುವವರಿಗೆ ನೀರಿನ ಆಧಾರದ್ದೇ ಸುಲಭ. ತೊಳೆದರೆ ಹೋಗುತ್ತದೆ, ಬಟ್ಟೆಗೆ ಕಲೆಯಾಗುವುದಿಲ್ಲ, ಕಾಂಡೊಮ್ ಜೊತೆಗೂ ಹೊಂದುತ್ತದೆ. ಬೇಗ ಒಣಗುತ್ತದೆ, ಆಗ ಇನ್ನಷ್ಟು ಹಚ್ಚಿಕೊಳ್ಳಬೇಕು, ಅಷ್ಟೇ. ಸಿಲಿಕೋನಿನದು ಹೆಚ್ಚು ಹೊತ್ತು ನಿಲ್ಲುತ್ತದೆ. ಕಾಂಡೊಮುಗಳಿಗೆ ಕಾರ್ಖಾನೆಯಲ್ಲೇ ಸವರಿ ಕಳಿಸುವುದು ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯನ್ನೇ.

ಮುಖ್ಯವಾದ ಎಚ್ಚರಿಕೆ ಎಣ್ಣೆಯದು. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ, ಇಲ್ಲವೇ ವ್ಯಾಸಲೀನ್. ಆದರೆ ಎಣ್ಣೆ ಲ್ಯಾಟೆಕ್ಸ್ ರಬ್ಬರಿನ ಶತ್ರು. ವರ್ಕ್‌ಶಾಪಿನಲ್ಲಿ ರಬ್ಬರ್ ವಾಷರಿಗೆ ಎಣ್ಣೆ ತಾಗಿ ಉಬ್ಬಿ ಮೆತ್ತಗಾಗುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾದೀತು. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಖನಿಜ ಎಣ್ಣೆ ತಾಗಿದ ಅರವತ್ತೇ ಸೆಕೆಂಡಿನಲ್ಲಿ ಕಾಂಡೊಮಿನ ಬಲ ಸುಮಾರು ಶೇ 90ರಷ್ಟು ಕುಸಿದಿತ್ತು. ಒಂದು ನಿಮಿಷ! ಹಾಗಾಗಿ ಲ್ಯಾಟೆಕ್ಸ್ ಕಾಂಡೊಮ್ ಬಳಸುವವರು ಕೊಬ್ಬರಿ ಎಣ್ಣೆ, ಬೇಬಿ ಆಯಿಲ್, ವ್ಯಾಸಲೀನ್, ಕೈಗೆ ಹಚ್ಚುವ ಕ್ರೀಮು ಯಾವುದನ್ನೂ ಮುಟ್ಟಬಾರದು. ಉಗುಳು ಕೂಡ ಒಳ್ಳೆಯದಲ್ಲ. ಕ್ಷಣದಲ್ಲಿ ಒಣಗುತ್ತದೆ, ಬಾಯಿಯ ಸೋಂಕನ್ನು ದಾಟಿಸಬಹುದು.

ನೀರಿನ ಆಧಾರದ ಜೆಲ್ಲುಗಳೆಲ್ಲ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಇತರ ಸಂಸ್ಥೆಗಳ ಜೊತೆ ಸೇರಿ ಈ ಬಗ್ಗೆ ಸಲಹಾ ಟಿಪ್ಪಣಿ ಹೊರಡಿಸಿತು. ಅದರಲ್ಲಿ ಎರಡು ಅಳತೆಗಳಿವೆ. ಒಂದು ಪಿಎಚ್. ಆರೋಗ್ಯವಂತ ಯೋನಿಯ ಪಿಎಚ್ ಸುಮಾರು 3.8ರಿಂದ 4.5, ಅಂದರೆ ಸ್ವಲ್ಪ ಹುಳಿ. ಮೊಸರು ಮಾಡುವ ಬಳಗಕ್ಕೆ ಸೇರಿದ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳೇ ಅಲ್ಲಿ ಕಾವಲು ಕಾಯುತ್ತವೆ. ಜೆಲ್ಲಿನ ಪಿಎಚ್ ಕೂಡ 4.5ರ ಆಸುಪಾಸು ಇದ್ದರೆ ಒಳ್ಳೆಯದು. ಎರಡನೆಯದು ಆಸ್ಮೊಲಾಲಿಟಿ, ಅಂದರೆ ದ್ರವದಲ್ಲಿ ಕರಗಿದ ಕಣಗಳ ಪ್ರಮಾಣ. ನಮ್ಮ ರಕ್ತದಲ್ಲಿ ಇದು ಸುಮಾರು 290. ಜೆಲ್ಲಿನಲ್ಲಿ 380 ಮೀರದಿದ್ದರೆ ಉತ್ತಮ, ಸದ್ಯಕ್ಕೆ 1200ರವರೆಗೆ ಒಪ್ಪಬಹುದು ಎನ್ನುತ್ತದೆ ಆ ಟಿಪ್ಪಣಿ. ಗ್ಲಿಸರಿನ್ ಹೆಚ್ಚಿರುವ ಜೆಲ್ಲುಗಳು ಇದನ್ನು ದಾಟುವುದುಂಟು. ದಾಟಿದರೆ ಏನಾಗುತ್ತದೆ? ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟುಕೊಳ್ಳುವುದಿಲ್ಲವೇ? ಹಾಗೆಯೇ ಜೀವಕೋಶಗಳಿಂದ ನೀರು ಹೊರಗೆ ಎಳೆದುಕೊಳ್ಳುತ್ತದೆ. ಹಚ್ಚಿದಾಗ ಹಾಯೆನಿಸಿದರೂ ಆಮೇಲೆ ಉರಿ. ಬಿಸಿಯಾಗುವ, ತಣ್ಣಗಾಗುವ, ಪರಿಮಳದ ಬಗೆಗಳಿಗೆ ಮರುಳಾಗುವ ಮುಂಚೆ ಇದು ನೆನಪಿರಲಿ. ಮೊದಲು ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ನೋಡುವುದು, ಎಕ್ಸ್‌ಪೈರಿ ದಿನಾಂಕ ನೋಡುವುದು ಕಷ್ಟದ ಕೆಲಸವೇನಲ್ಲ.

ಜೆಲ್ ಗರ್ಭನಿರೋಧಕ ಅಲ್ಲ, ರೋಗಗಳಿಂದಲೂ ಕಾಪಾಡುವುದಿಲ್ಲ. ಅದಕ್ಕೆ ಕಾಂಡೊಮೇ ಬೇಕು. ಹಾಗೆಂದು ಮಗು ಬೇಕೆನ್ನುವವರು ಸಿಕ್ಕಿದ್ದನ್ನೆಲ್ಲ ಬಳಸುವಂತೆಯೂ ಇಲ್ಲ. ಕೆಲವು ಜೆಲ್ಲುಗಳು ವೀರ್ಯಾಣುವಿನ ಓಟವನ್ನು ನಿಧಾನ ಮಾಡುತ್ತವೆ, ವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು. ಇನ್ನು ಜೆಲ್ ಎಲ್ಲ ನೋವಿಗೂ ಮದ್ದಲ್ಲ. ತುರಿಕೆ, ವಾಸನೆಯ ಸ್ರಾವ, ರಕ್ತ, ಹೊಟ್ಟೆಯ ಆಳದಲ್ಲಿ ನೋವು ಇದ್ದರೆ, ಅಥವಾ ನಮ್ಮ ಇಚ್ಛೆ ಮೀರಿ ಅಲ್ಲಿನ ಸ್ನಾಯುಗಳು ಬಿಗಿದುಕೊಳ್ಳುತ್ತಿದ್ದರೆ ಅಂಗಡಿಗಿಂತ ಮೊದಲು ಆಸ್ಪತ್ರೆಗೆ ಹೋಗಬೇಕು. ಬಿಗಿದುಕೊಳ್ಳುವ ತೊಂದರೆಗೆ ವ್ಯಾಜಿನಿಸ್ಮಸ್ ಎಂಬ ಹೆಸರಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ನೋವನ್ನು ಸಹಜ ಎಂದವರು ಯಾರು?

ನನ್ನ ತಕರಾರು ಇರುವುದು ಇಲ್ಲಿ. ಹೆಣ್ಣಿಗೆ ಮೊದಲ ರಾತ್ರಿ ನೋವಾಗಬೇಕು, ರಕ್ತ ಬರಬೇಕು ಎಂದು ಸಿನಿಮಾಗಳಿಂದ ಹಿಡಿದು ಮನೆಯ ಹೆಂಗಸರವರೆಗೆ ಎಲ್ಲರೂ ಕಲಿಸಿಟ್ಟಿದ್ದಾರೆ. ರಕ್ತ ಬರದೆ ಇರುವ ಹೆಣ್ಣುಮಕ್ಕಳು ಎಷ್ಟೋ ಜನ. ರಕ್ತ ಯಾರ ನಡತೆಗೂ ಸರ್ಟಿಫಿಕೇಟ್ ಅಲ್ಲ. ಆದರೆ ನೋವೇ ಪುರಾವೆ ಎಂದುಕೊಂಡ ಹುಡುಗಿ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾಳೆ. ಅದೇ ಗಂಡಸುತನ ಎಂದುಕೊಂಡ ಹುಡುಗ ನಿಲ್ಲಿಸಿ ಕೇಳುವುದಿಲ್ಲ. ಮೊಬೈಲಿನಲ್ಲಿ ಕದ್ದು ನೋಡುವ ವಿಡಿಯೊಗಳಲ್ಲಿ ಎಲ್ಲರೂ ಒಂದು ನಿಮಿಷದಲ್ಲಿ ಸಿದ್ಧವಾಗಿಬಿಡುತ್ತಾರೆ. ಬದುಕಿನಲ್ಲಿ ಹಾಗಿಲ್ಲ ಎಂದು ಹೇಳುವವರೇ ಇಲ್ಲ.

'ನಿಜವಾದ ಪ್ರೀತಿ ಇದ್ದರೆ ಜೆಲ್ ಯಾಕೆ ಬೇಕು?' ಎಂದು ನನ್ನ ರೂಮ್‌ಮೇಟ್ ಒಬ್ಬಳೇ ಕೇಳಿದಳು. ಕಣ್ಣು ಒಣಗಿದರೆ ಡ್ರಾಪ್ಸ್ ಹಾಕಿಕೊಳ್ಳುತ್ತೇವೆ, ತುಟಿ ಒಡೆದರೆ ಬಾಮ್ ಹಚ್ಚುತ್ತೇವೆ. ಅಲ್ಲೆಲ್ಲ ಪ್ರೀತಿಯ ಪ್ರಶ್ನೆ ಏಳುವುದಿಲ್ಲ. ಆದರೆ ಅವಳ ಪ್ರಶ್ನೆಯಲ್ಲೂ ಒಂದು ನ್ಯಾಯವಿದೆ. ಮನಸ್ಸಿಲ್ಲದ ಕಡೆ ಜೆಲ್ ಹಚ್ಚಿ ಕೆಲಸ ಮುಗಿಸುವುದು ಸಲ್ಲದು. 'ಬೇಡ' ಎಂದವಳಿಗೆ ಟ್ಯೂಬ್ ತೋರಿಸುವುದು ಹಿಂಸೆಯೇ, ಮದುವೆಯಾಗಿದ್ದರೂ. ಒಪ್ಪಿಗೆಯ ಜಾಗದಲ್ಲಿ ಜೆಲ್ ನಿಲ್ಲುವುದಿಲ್ಲ. ಬೇಕು ಎನ್ನುವ ಇಬ್ಬರಿಗೆ ಮಾತ್ರ ಅದು ಸಹಾಯ.

'ಇಂಥದ್ದನ್ನೆಲ್ಲ ಹೇಳಿಕೊಟ್ಟರೆ ಹುಡುಗರು ಕೆಡುತ್ತಾರೆ' ಎನ್ನುವುದು ಇನ್ನೊಂದು ವಾದ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಇದೇ ಮಾತು ಹೇಳಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ತಡೆದಿದ್ದವು. ಆಗ ನಾನು ಮಗು. ತಡೆದದ್ದರಿಂದ ನಾವು ಕೆಡದೆ ಉಳಿದೆವೋ, ಬರೀ ತಿಳಿಯದೆ ಉಳಿದೆವೋ? ನನ್ನ ಕ್ಲಾಸಿನ ಹಿಂದಿನ ಬೆಂಚನ್ನು ನೋಡಿದರೆ ಎರಡನೆಯದೇ ನಿಜ ಅನ್ನಿಸುತ್ತದೆ. ಕನ್ನಡಕ್ಕೆ ಈ ಮಾತು ಹೊಸದೂ ಅಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದದ್ದು ನಮ್ಮ ಅಜ್ಜಿಯರ ಕಾಲದಲ್ಲಿ. ಒಬ್ಬ ಹೆಣ್ಣುಮಗಳು ತನ್ನ ಹೆಸರಿನಲ್ಲೇ, ಒಳ್ಳೆಯ ಕನ್ನಡದಲ್ಲಿ, ಜನಸಾಮಾನ್ಯರಿಗೆಂದು ಬರೆದಳು. ಅವರು ಅಂದು ಹೇಳಿಕೊಟ್ಟದ್ದನ್ನು ಐದು ಜಿಬಿ ಡೇಟಾ ಕೈಯಲ್ಲಿರುವ ನಾವು ಪಿಸುಗುಟ್ಟುತ್ತಿದ್ದೇವೆ.

ಈ ಪುಟ ಓದುವ ಬಹುಪಾಲು ಜನ ನನ್ನ ಹಾಗೆ ಓದುತ್ತಿರುವವರು, ಕೆಲಸ ಹುಡುಕುತ್ತಿರುವವರು. 'ಈಗ ನಮಗ್ಯಾಕೆ ಇದು?' ಎನ್ನಬಹುದು. ಇನ್ನು ನಾಲ್ಕೈದು ವರ್ಷದಲ್ಲಿ ನಮ್ಮಲ್ಲಿ ಹೆಚ್ಚಿನವರ ಮದುವೆಯಾಗುತ್ತದೆ. ಇಂಟರ್‌ವ್ಯೂಗೆ ಹೇಗೆ ಕೂರಬೇಕು, ರೆಸ್ಯೂಮೆಯಲ್ಲಿ ಏನು ಬರೆಯಬೇಕು ಎಂದು ಪ್ಲೇಸ್‌ಮೆಂಟ್ ಸೆಲ್ಲಿನವರು ತಿಂಗಳುಗಟ್ಟಲೆ ತರಬೇತಿ ಕೊಡುತ್ತಾರೆ. ಇನ್ನೊಬ್ಬರ ಜೊತೆ ಬದುಕು ಹಂಚಿಕೊಳ್ಳುವುದಕ್ಕೆ ಒಂದು ಗಂಟೆಯ ತರಬೇತಿಯೂ ಇಲ್ಲ. ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ಉಪನ್ಯಾಸದಲ್ಲಿ ಹುಡುಗಿಯರನ್ನು ಬೇರೆ ಕೂರಿಸಿ ಮುಟ್ಟಿನ ಬಗ್ಗೆ ಹೇಳುತ್ತಾರೆ. ಹುಡುಗರಿಗೆ ಆ ಹೊತ್ತಿನಲ್ಲಿ ರಜೆ. ಒಬ್ಬ ವೈದ್ಯರನ್ನು ಕರೆಸಿ, ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಚೀಟಿಯಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಿ ಎಂದರೆ ಸಾಕು. ಡಬ್ಬಿ ತುಂಬುತ್ತದೆ ಎಂದು ಬರೆದುಕೊಡುತ್ತೇನೆ. ಮೆಡಿಕಲ್ ಶಾಪಿನವರಲ್ಲೂ ಒಂದು ವಿನಂತಿ: ಕೂಗಬೇಡಿ, ಕತ್ತು ನೋಡಬೇಡಿ, ಚೀಟಿಯಲ್ಲಿ ಬರೆದದ್ದನ್ನೇ ಕೊಡಿ.

ಅಕ್ಕನ ಮನೆಯಲ್ಲಿ ದೀಪಾವಳಿ ಕಳೆದ ಮೇಲೆ ಹಿರಿಯರು ಕೂರಬೇಕಿತ್ತಲ್ಲ, ಆ ಸಭೆ ನಡೆಯಲಿಲ್ಲ. ಭಾವ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿ ವೈದ್ಯೆಯ ಎದುರು ಕೂತು ಬಂದರು. ಎಲ್ಲ ಒಂದೇ ದಿನದಲ್ಲಿ ಸರಿಹೋಯಿತು ಎಂದು ನಾನು ಕಥೆ ಕಟ್ಟುವುದಿಲ್ಲ. ಎರಡು ಮೂರು ತಿಂಗಳು ಹಿಡಿಯಿತು. ಸಂಕ್ರಾಂತಿಗೆ ಸಿಕ್ಕಾಗ 'ಈಗ ಹೇಗೇ?' ಎಂದೆ. ನಾಚಿಕೊಂಡಳು. 'ಈಗ ಭಯ ಇಲ್ಲ ಕಣೇ. ಚೆನ್ನಾಗಿರುತ್ತೆ. ನಗ್ತೀವಿ' ಎಂದಳು. ನೋವಿಲ್ಲ ಎಂದಿದ್ದರೆ ಸಾಕಿತ್ತು ನನಗೆ. ಅವಳು 'ಚೆನ್ನಾಗಿರುತ್ತೆ' ಎಂದಳಲ್ಲ, ನಮ್ಮ ಮನೆಯ ಹೆಂಗಸೊಬ್ಬಳು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಮಾತ್ರ ಬೇರೆಯದೇ ಹೇಳಿದರಂತೆ: 'ಮದುವೆಗೆ ಮುಂಚೆ ಯಾರಾದ್ರೂ ಒಬ್ಬರು ನನಗೆ ಇದನ್ನ ಹೇಳಿದ್ರೆ ನಿನ್ನ ಐದು ತಿಂಗಳು ಉಳೀತಿತ್ತು.'

ಮುಂದಿನ ವಾರ ನಮಗೆ ಮತ್ತೆ ಲ್ಯಾಬ್ ಇದೆ. ಹಿಂದಿನ ಬೆಂಚಿನಲ್ಲಿ ಮತ್ತೆ ನಗು ಏಳುತ್ತದೆ, ಗೊತ್ತು. ಈ ಸಲ ನಾನು ಪುಸ್ತಕದಲ್ಲಿ ಮುಖ ಹುದುಗಿಸುವುದಿಲ್ಲ. ಲ್ಯಾಬ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂತು ಆ ಹುಡುಗರಿಗೆ ಈ ಪುಟವನ್ನು ಓದಲು ಕೊಡುತ್ತೇನೆ. ಅವರಲ್ಲೂ ಯಾರೋ ಒಬ್ಬ ನಾಳೆ ಯಾರದೋ ಅಕ್ಕನ ಗಂಡನಾಗುವವನೇ.